ಗಿರಣಿ ನಿಂತ ಮಧ್ಯಾಹ್ನ

ಅಫಜಲಪುರದ ನಮ್ಮ ಓಣಿಯಲ್ಲಿ ವಜೀರುನ್ನಿಸಾಳ ಹಿಟ್ಟಿನ ಗಿರಣಿ ಶುರುವಾದರೆ ಸುತ್ತಲ ಮನೆಗಳ ದೀಪಗಳು ಒಮ್ಮೆ ಮಂಕಾಗುತ್ತವೆ. ಮಗಳು ಮಿನಾಜ ಇನ್ನೂ ಶಾಲೆಯಲ್ಲಿದ್ದಾಗ, ಅದೇ ಗಿರಣಿಯ ಬೆಲ್ಟು ಗಂಡ ಮಸೂದನ ತೋಳನ್ನು ಎಳೆದುಕೊಂಡಿತ್ತು. ಅವನು ಉಳಿಯಲಿಲ್ಲ. ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಆಕೆಯೇ ಗಿರಣಿಯ ಬಾಗಿಲು ತೆಗೆದಳು. ಜೋಳ ಸುರಿಯುತ್ತಾಳೆ, ಹಿಟ್ಟು ಹಿಡಿಯುತ್ತಾಳೆ. ಬೆಲ್ಟು ಸಡಿಲಾದರೆ ಮಾತ್ರ ಮಿಸ್ತ್ರಿಯೇ ಬರಬೇಕು. ಅದನ್ನು ಆಕೆ ಮುಟ್ಟುವುದಿಲ್ಲ.

ಈಚೆಗೆ ಇನ್ನೊಂದು ಅಂಜಿಕೆ ಮನೆ ಹೊಕ್ಕಿತ್ತು. ಮಿನಾಜ ಈಗ ಬಿ.ಕಾಂ. ಓದುತ್ತಾಳೆ. ಕಾಲೇಜಿನ ಬರವಣಿಗೆಯನ್ನು ಟೈಪು ಮಾಡಲು ಸಂಜೆ ಸೈಬರ್ ಅಂಗಡಿಯಲ್ಲಿ ಕೂರುತ್ತಿದ್ದಳು. ಅದನ್ನು ಕಂಡ ಮಸೂದನ ಅಣ್ಣ ಜಹೀರುದ್ದೀನ, ಮನೆಯಲ್ಲೇ ಕೂತು ಮಾಡುವುದಾದರೆ ಓದಲಿ, ಇಲ್ಲವಾದರೆ ಕಾಲೇಜು ಸಾಕು ಎಂದಿದ್ದ. ಗಿರಣಿಯ ಜಾಗ ಅವನದು, ಮಾತು ಮೀರುವಂತಿರಲಿಲ್ಲ. ವಜೀರುನ್ನಿಸಾ ಮುಚ್ಚಿಹೋದ ಟೈಪಿಂಗ್ ಕ್ಲಾಸೊಂದರ ಹಳೆಯ ಕಂಪ್ಯೂಟರನ್ನು ತಂದು ಹಿಂದಿನ ಕೋಣೆಯಲ್ಲಿಟ್ಟಳು. ಅದು ತೆರೆದುಕೊಳ್ಳಲು ಒಂದು ಡಬ್ಬಿ ಜೋಳ ಬೀಸುವಷ್ಟು ಹೊತ್ತು ಬೇಕಿತ್ತು. ಅರ್ಧ ಪುಟ ಬರೆದರೆ ನಿಂತೇಬಿಡುತ್ತಿತ್ತು. ರಿಪೇರಿಯವನು ನೋಡಿ, ಈಗಿನ ಸಾಫ್ಟ್‌ವೇರಿನ ಭಾರವನ್ನು ಇದು ಹೊರುವುದಿಲ್ಲ, ಹೊಸದು ಕೊಳ್ಳಿರಿ ಎಂದ.

ಆಗ ಮಿನಾಜಳ ಗೆಳತಿ ಶೈಲಶ್ರೀ ಒಂದು ಪೆನ್‌ಡ್ರೈವ್ ಕೊಟ್ಟಳು. ಅದರಲ್ಲಿ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ಇತ್ತು. ಹಳೆಯ ಯಂತ್ರಕ್ಕೂ ಹಗುರ, ದುಡ್ಡು ಕೊಡಬೇಕಿಲ್ಲ.

“ಪುಕ್ಕಟ ಯಾರ್ ಕೊಡ್ತಾರ ಬೇ?” ಎಂದಳು ವಜೀರುನ್ನಿಸಾ. “ಇವತ್ತ ಕೊಡ್ತಾರ, ನಾಳಿ ಬಾಗಿಲಿಗಿ ಬರ್ತಾರ.”

“ಯಾರೂ ಬರಂಗಿಲ್ಲ ಅಮ್ಮಿ. ಊರ ಬಾವಿ ಇದ್ದಂಗ ಅದು. ತೋಡಿದವ್ರು ತೋಡ್ಯಾರ, ನಾವು ಸೇದೋದು. ಆದ್ರ ಹಳೇದೆಲ್ಲ ಅಳಿಸಿ ಇದು ಕೂಡಬೇಕು. ನಡಕ ಕರೆಂಟ್ ಕುಸೀತಂದ್ರ ಹಳೇದೂ ಇಲ್ಲ, ಹೊಸಾದೂ ಇಲ್ಲ.”

ಗಿರಣಿ ಎದ್ದಾಗಲೆಲ್ಲ ಆ ಕಂಪ್ಯೂಟರು ಪಟ್ಟನೆ ಆರಿಹೋಗುತ್ತಿದ್ದುದು ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ ಮಧ್ಯಾಹ್ನ ಓಣಿ ಖಾಲಿಯಿದ್ದ ಹೊತ್ತಿನಲ್ಲಿ ಮಿನಾಜ ಪೆನ್‌ಡ್ರೈವ್ ಸಿಕ್ಕಿಸಿ ಕಂಪ್ಯೂಟರಿನ ಮುಂದೆ ಕುಳಿತಳು. ಬರೆದದ್ದನ್ನೆಲ್ಲ ಮೊದಲೇ ಫೋನಿಗೆ ಹಾಕಿಕೊಂಡಿದ್ದಳು. ಪರದೆಯ ಮೇಲೆ ಒಂದು ಗೆರೆ ತೆವಳತೊಡಗಿತು. ತಾಯಿ ಗಿರಣಿಯ ಹೊಸ್ತಿಲಲ್ಲಿ ಕಾವಲು ಕೂತಳು.

ಎದುರುಮನೆಯ ಗಂಗಾಬಾಯಿ ಡಬ್ಬಿ ಹೊತ್ತು ಬಂದಳು. “ಯಾಕ ಬೇ, ಗಿರಣೀನೂ ರೋಜಾ ಉಪಾಸ ಹಿಡದದ ಏನ್?”

“ತಾಸ್ ಬಿಟ್ಟು ಬಾ ಅಕ್ಕಾ.”

“ತಾಸ್ ಬಿಟ್ಟು ಬಂದ್ರ ನನ್ನ ಗಂಡಗ ಹಸಿ ಜೋಳ ತಿನ್ನಸ್ಲಾ? ನಾನ ಹಚ್ಗೋತೇನಿ, ಆ ಕಡಿ ಸರಿ.”

ನಮ್ಮಲ್ಲಿ ಅದು ಸಲಿಗೆ. ಅವಸರವಿದ್ದವರು ತಾವೇ ಗಿರಣಿ ಹಚ್ಚಿಕೊಳ್ಳುತ್ತಾರೆ. ಗಂಗಾಬಾಯಿಯ ಕೈ ಸ್ವಿಚ್ಚಿನವರೆಗೆ ಹೋಗಿತ್ತು. ವಜೀರುನ್ನಿಸಾ ಓಡಿ ಬಂದು ಆ ಕೈಯನ್ನು ತನ್ನೆರಡೂ ಕೈಯಿಂದ ಹಿಡಿದುಕೊಂಡಳು. “ಬ್ಯಾಡಕ್ಕಾ, ಮಿನಾಜಳ ಓದು ಹೋಗ್ತದ.” ಆ ಹಿಡಿತದ ಬಿಗಿಗೆ ಗಂಗಾಬಾಯಿ ನಗು ನಿಲ್ಲಿಸಿದಳು. ಡಬ್ಬಿ ಇಳಿಸಿ ಅಲ್ಲೇ ಕುಕ್ಕರಿಸಿದಳು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಜಹೀರುದ್ದೀನನ ಬೈಕು ಕಾಣಿಸಿತು, ಹಿಂದೆ ಗೋಧಿಯ ಚೀಲ. ಗಂಗಾಬಾಯಿಯ ಕೈ ಹಿಡಿಯಬಹುದು. ಜಾಗದ ಯಜಮಾನನ ಕೈ ಹಿಡಿಯುವುದು ಹೇಗೆ? ಮೇನ್ ಸ್ವಿಚ್ಚು ಆರಿಸಿದರೆ ಒಳಗಿನ ಕಂಪ್ಯೂಟರೂ ಆರುತ್ತದೆ. ಬೆಲ್ಟಿಲ್ಲದ ಗಿರಣಿಯನ್ನು ಮಾತ್ರ ಯಾರೂ ಹಚ್ಚುವುದಿಲ್ಲ.

ವಜೀರುನ್ನಿಸಾ ಬೆಲ್ಟಿಗೆ ಕೈ ಚಾಚಿದಳು. ಬೆಳಗಿನ ಓಟದ ಕಾವು ಆರದೆ ಬೆಲ್ಟು ಇನ್ನೂ ಬೆಚ್ಚಗಿತ್ತು. ಜೀವವಿದ್ದುದನ್ನು ಮುಟ್ಟಿದಂತೆ ಕೈ ಹಿಂದೆ ಬಂತು. ಬೈಕಿನ ಸದ್ದು ಹತ್ತಿರವಾಯಿತು. ಮತ್ತೆ ಹಿಡಿದಳು. ಗಾಲಿಯನ್ನು ತಿರುಗಿಸುತ್ತ ಅಂಚಿಗೆ ಎಳೆದಾಗ ಬೆಲ್ಟು ಜಾರಿ ಆಕೆಯ ಮೊಣಕೈಗೆ ಬಿತ್ತು. ಗಾಲಿ ಸುಮ್ಮನಿತ್ತು.

“ಏನಾತು?” ಜಹೀರುದ್ದೀನ ಒಳಬಂದ.

“ಬೆಲ್ಟ್ ತೆಗ್ದೇನಿ, ಭಾಯ್‌ಸಾಬ್.”

“ಯಾರು, ನೀನಾ?”

ಅವನು ಆಕೆಯ ಕಪ್ಪಾದ ಅಂಗೈಗಳನ್ನು ನೋಡಿದ. ಆಗಲೇ ಒಳಗಿನಿಂದ ಮಿನಾಜ ಕೂಗಿದಳು. ಎಲ್ಲರೂ ಧಾವಿಸಿದರು. ಪರದೆ ಪೂರಾ ಕಪ್ಪು.

“ಕರೆಂಟ್ ಹೋತಾ?” ಎಂದಳು ತಾಯಿ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

“ಕೆಟ್ಟಂಗಾತು,” ಎಂದ ಜಹೀರುದ್ದೀನ. “ಇನ್ನ ಆ ಅಂಗಡಿಗಿ ಕಳಸ್ತೀ ಏನ್?”

ಮಿನಾಜಳ ತುಟಿ ಏನನ್ನೋ ಪಠಿಸುತ್ತಿತ್ತು. ಕಪ್ಪಿನ ನಡುವೆ ಒಂದು ಚುಕ್ಕೆ ಹುಟ್ಟಿ ಸುತ್ತತೊಡಗಿತು. ಬಳಿಕ ತಿಳಿನೀಲಿ ಹರಡಿತು. ಮಿನಾಜ ಪುಟ ತೆರೆದು ಒಂದು ಸಾಲು ಟೈಪು ಮಾಡಿದಳು. ಕಂಪ್ಯೂಟರು ನಿಲ್ಲಲಿಲ್ಲ.

“ನಾಳಿ ಮತ್ತ ಕೆಟ್ರ?” ಎಂದ ಅವನು.

“ಮತ್ತ ನಾನ ಕೂಡಸ್ತೇನಿ, ಬಡೇ ಅಬ್ಬಾ. ಇಲ್ಲೇ, ಮನ್ಯಾಗ,” ಎಂದಳು ಮಿನಾಜ ದೊಡ್ಡಪ್ಪನಿಗೆ.

ಅವನು ಇನ್ನೆರಡು ಸಾಲು ಮೂಡುವವರೆಗೆ ನಿಂತಿದ್ದ. ಆಮೇಲೆ ಹೊರಗೆ ಹೋಗಿ ಚೀಲ ಇಳಿಸಿದ. “ಬೀಸಿ ಇಡು. ಸಂಜೀಕ ಒಯ್ತೇನಿ,” ಎಂದಷ್ಟೇ ಹೇಳಿ ಬೈಕು ಹತ್ತಿದ.

ಗಂಗಾಬಾಯಿ ಗಾಲಿ ಹಿಡಿದಳು, ವಜೀರುನ್ನಿಸಾ ಬೆಲ್ಟು ಏರಿಸಿದಳು.

“ಮಿನಾಜ, ಕಂಪ್ಯೂಟರ್ ಬಂದ್ ಮಾಡ್ದಿ ಏನ್?”

“ಮಾಡ್ದೆ ಅಮ್ಮಿ.”

ಗಿರಣಿಯ ಸ್ವಿಚ್ಚಿನ ಮೇಲೆ ಕೈಯಿಟ್ಟು ಆಕೆ ಅದನ್ನೇ ಮತ್ತೊಮ್ಮೆ ಕೇಳಿದಳು.