ಹಿಂಬಾಗಿಲು ಎಂಬ ಪದದ ಹ್ಯಾಶ್

ಊರಿನ ಪ್ಲಾಂಟರ್ಸ್ ಕ್ಲಬ್ಬಿನ ಸ್ಮರಣಸಂಚಿಕೆಗೆ ನಾನು ಬರೆದ ಲೇಖನದಲ್ಲಿ ಒಂದು ವಾಕ್ಯವಿತ್ತು: "ಆಗ ಹೆಂಗಸರಿಗೆ ಹಿಂಬಾಗಿಲು." ಪ್ರೂಫ್ ಬಂದಾಗ ಅದು "ಆಗ ಹೆಂಗಸರಿಗೆ ಪ್ರತ್ಯೇಕ ಬಾಗಿಲು" ಆಗಿತ್ತು.

ಪ್ರತ್ಯೇಕವಂತೆ. ಅಪ್ಪ ತೀರಿಕೊಂಡ ಮೇಲೆ ಎಸ್ಟೇಟನ್ನು ನಡೆಸಿದ್ದು ಅಮ್ಮ. ಲೆಕ್ಕ ಬರೆಯುವ ರೈಟರ್, ಆಳುಗಳ ಮೇಸ್ತ್ರಿ ಎಲ್ಲರೂ ಅವಳ ಮಾತಿಗೆ ಕಾಯುತ್ತಿದ್ದರು. ಅಂಥವಳು ಕ್ಲಬ್ಬಿನ ಲೇಡೀಸ್ ಟೀಗೆ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ಅಡುಗೆಮನೆಯ ಸೌದೆ ರಾಶಿ, ಕೋಳಿಪುಕ್ಕ ದಾಟಿ ಒಳಗೆ ಹೋಗುತ್ತಿದ್ದಳು. ಕಾನ್ವೆಂಟಿನಿಂದ ರಜೆಗೆ ಬಂದ ನಾನು ಅವಳ ಹಿಂದೆ. ಕಟ್ಲೆಟ್ ವಾಸನೆ ಬಂದರೆ ಈಗಲೂ ಆ ನೆರಿಗೆ ಹಿಡಿದ ಕೈ ನೆನಪಾಗುತ್ತದೆ. ಐ ಆಮ್ ಸಿಲ್ಲಿ ದಟ್ ವೇ, ಏನು ಮಾಡುವುದು.

ಕ್ಲಬ್ಬಿನ ಪ್ರೆಸಿಡೆಂಟಿಗೆ ಫೋನ್ ಮಾಡಿದೆ. ನನಗಿಂತ ಬಹಳ ಚಿಕ್ಕವನು. ನೀವು ಕೊಟ್ಟಿದ್ದೇ ಹಾಗೆ, ವಯಸ್ಸಾದ ಮೇಲೆ ಮರೆವು ಸಹಜ ಎಂದ. ಪದ ಹೋದದ್ದಕ್ಕಿಂತ ಆ ಮಾತು ನನ್ನನ್ನು ಕೆರಳಿಸಿತು. ಮರೆವೆಂದು ಒಮ್ಮೆ ಒಪ್ಪಿಕೊಂಡರೆ, ಮುಂದೆ ನಾನು ಹೇಳುವ ಯಾವುದನ್ನೂ ಯಾರೂ ನಂಬುವುದಿಲ್ಲ.

ಆದರೆ ನಾನು ಬರೆದದ್ದನ್ನೆಲ್ಲ ಗಿಟ್‌ನಲ್ಲಿ, ಅಂದರೆ ಪ್ರತಿ ತಿದ್ದುಪಡಿಯ ಲೆಕ್ಕ ಇಡುವ ಒಂದು ಸಾಫ್ಟ್‌ವೇರ್‌ನಲ್ಲಿ, ಇಡುವವಳು. ಮೂಡಿಗೆರೆಯಲ್ಲಿ ಡಿಟಿಪಿ ಅಂಗಡಿ ನಡೆಸುವ ಗೆಳತಿ ಕಲಿಸಿಕೊಟ್ಟ ವಿದ್ಯೆ ಅದು. ಫೈಲಿನ ಒಳಗಿರುವುದನ್ನೆಲ್ಲ ಅರೆದು ಗಿಟ್ ಅಕ್ಷರ, ಅಂಕಿಗಳ ಒಂದು ಉದ್ದನೆಯ ಗುರುತು ತೆಗೆಯುತ್ತದೆ, ಅದೇ ಹ್ಯಾಶ್. ಬರೆದದ್ದು ಅದೇ ಇದ್ದರೆ ಯಾವ ಕಂಪ್ಯೂಟರಿನಲ್ಲಿ ತೆಗೆದರೂ ಅದೇ ಗುರುತು, ಒಂದು ಕೊಂಬು ಬದಲಾದರೂ ಪೂರ್ತಿ ಬೇರೆ. ಲೇಖನ ಕಳಿಸಿದ ದಿನವೇ ಅದರ ಹ್ಯಾಶನ್ನು ಕ್ಲಬ್ಬಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಯಾರೋ ಅದಕ್ಕೆ ಕೈಮುಗಿದ ಇಮೋಜಿ ಹಾಕಿದ್ದರು.

ಕಮಿಟಿ ಮೀಟಿಂಗಿಗೆ ಲ್ಯಾಪ್‌ಟಾಪ್ ಹೊತ್ತು ಹೋದೆ. ಅಚ್ಚಿಗೆ ಹೋದ ಫೈಲಿನ ಹ್ಯಾಶ್ ತೆಗೆದು ಗ್ರೂಪಿನದರ ಪಕ್ಕ ಇಟ್ಟೆ. ಮೊದಲ ಅಕ್ಷರದಿಂದಲೇ ಬೇರೆ.

"ಅದು ಹಾಗಲ್ಲ ಅಕ್ಕ," ಪ್ರೆಸಿಡೆಂಟ್ ನಕ್ಕ. "ನಾವು ಫೈಲಿಗೆ ಫೈನಲ್ ಅಂತ ಹೆಸ್ರು ಹಾಕಿದ್ವಿ. ಹೆಸ್ರು ಬೇರೆ ಆದ್ರೆ ನಂಬರೂ ಬೇರೆ ಆಗ್ತದೆ."

ಎಲ್ಲರೂ ತಲೆಯಾಡಿಸಿದರು. ನಮ್ಮ ಕಡೆ ಎಲ್ಲವೂ ನಡೆಯುವುದು ಹೆಸರಿನ ಮೇಲೆ. ಯಾವ ಎಸ್ಟೇಟು, ಯಾರ ಮಗ ಎಂದು ಕೇಳದೆ ಕಾಫಿಯನ್ನೂ ಕೊಡುವುದಿಲ್ಲ. ಗಿಟ್‌ಗೆ ಆ ಅಭ್ಯಾಸವಿಲ್ಲ. ಹ್ಯಾಶ್ ತೆಗೆಯುವಾಗ ಅದು ಫೈಲಿನ ಹೆಸರನ್ನು ನೋಡುವುದೇ ಇಲ್ಲ.

ಎಲ್ಲರೆದುರು ನನ್ನ ಫೈಲಿಗೂ ಫೈನಲ್ ಎಂದೇ ಹೆಸರಿಟ್ಟು ಮತ್ತೆ ಹ್ಯಾಶ್ ತೆಗೆದೆ. ಗ್ರೂಪಿನಲ್ಲಿದ್ದದ್ದೇ ಬಂತು. ಸೆಕ್ರೆಟರಿ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿ ತಾಳೆ ನೋಡಿದರು. ಆಮೇಲೆ ಎರಡೂ ಫೈಲನ್ನು ಹೋಲಿಸಿ ತೋರಿಸಿದೆ. ಬೇರೆ ಇದ್ದದ್ದು ಆ ಒಂದೇ ವಾಕ್ಯ.

"ಅಲ್ಲ ಅಕ್ಕ, ಓದಿದವ್ರು ನಮ್ಮ ಹಿರಿಯರ ಬಗ್ಗೆ ಏನಂದ್ಕೋತಾರೆ? ಪಕ್ಕದ ಬಾಗಿಲು ಅಂತಾದ್ರೂ ಹಾಕೋಣ," ಎಂದ ಪ್ರೆಸಿಡೆಂಟ್.

"ನಮ್ಮಮ್ಮನೂ ನಿಮ್ಮ ಹಿರಿಯಳೇ ಮಾರಾಯ," ಎಂದೆ. "ಅವ್ಳು ಹೋಗಿದ್ದು ಹಿಂಬಾಗಿಲಲ್ಲಿ. ಹಾಕೋದಾದ್ರೆ ಹಾಗೇ ಹಾಕು. ಇಲ್ದಿದ್ರೆ ಪೂರ್ತಿ ಲೇಖನ ತೆಗೆದುಬಿಡು. ಮರೆವಿನ ಮುದುಕಿ ಬರೆದಿದ್ದು ನಿನಗ್ಯಾಕೆ?"

ಕೊನೆಗೆ ಅವನೇ ಪ್ರೆಸ್ಸಿಗೆ ಫೋನ್ ಮಾಡಿ, ನನ್ನ ಫೈಲನ್ನೇ ತೆಗೆದುಕೊಳ್ಳಲು ಹೇಳಿದ. ಫೋನ್ ಇಟ್ಟ ಮೇಲೆ, ಒಂದು ಕಡೆ ಕಾಮಾ ಜಾಸ್ತಿಯಾಗಿದೆ, ಅದನ್ನಾದರೂ ತೆಗೆಯಬಹುದೇ ಎಂದು ಕೇಳಿದ. ಧಾರಾಳವಾಗಿ ತೆಗಿ, ಹೊಸ ಹ್ಯಾಶನ್ನು ಮಾತ್ರ ನೀನೇ ಗ್ರೂಪಿಗೆ ಹಾಕಬೇಕು ಎಂದೆ.

ಕಾಮಾ ಅಲ್ಲೇ ಉಳಿಯಿತು.