ಮೋನಮ್ಮನ ಮಾಫಿ

ಶಹಾಪುರದ ಕ್ರೈಸ್ತರ ಓಣಿಯಲ್ಲಿ ಹೆಂಗಸೊಬ್ಬಳು ಸತ್ತರೆ ಮೊದಲು ಹೇಳಿಕಳಿಸುವುದು ಫಾದರಿಗಲ್ಲ, ಪಾಸ್ಟರಿಗೂ ಅಲ್ಲ, ಮೋನಮ್ಮನಿಗೆ. ಹೆಣಕ್ಕೆ ನೀರು ಹಾಕಿ, ತಲೆ ಬಾಚಿ, ಸೀರೆ ಉಡಿಸುವವಳು ಅವಳು. ಸತ್ತವಳು ಕ್ಯಾಥೋಲಿಕ್ಕಳೋ ಮೆಥೋಡಿಸ್ಟಳೋ ಎಂದು ಒಮ್ಮೆಯೂ ಕೇಳಿದವಳಲ್ಲ. ಆ ಬಡಿದಾಟವೆಲ್ಲ ಬದುಕಿದವರದು, ಸತ್ತವರಿಗೆ ಬೇಕಾದದ್ದು ಒಂದು ಕೊಡ ಬಿಸಿನೀರು ಎನ್ನುತ್ತಾಳೆ. ಅವಳ ಕಿವಿಯಲ್ಲಿ ಬಂಗಾರವಿಲ್ಲ. ತೂತು ಮುಚ್ಚದಿರಲೆಂದು ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಾಳೆ.

ಅವಳು ದೋರನಹಳ್ಳಿಯ ಮೆಥೋಡಿಸ್ಟರ ಮನೆಯ ಮಗಳು. ಕೊಟ್ಟದ್ದು ಶಹಾಪುರದ ಕ್ಯಾಥೋಲಿಕ್ ದ್ಯಾವಪ್ಪನಿಗೆ. ದ್ಯಾವಪ್ಪ ಗಂಜಿನ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ಹೊರುವ ಹಮಾಲ. ಹಗಲೆಲ್ಲ ಹೊತ್ತದ್ದನ್ನು ಸಂಜೆಗೆ ಕುಡಿದು ಇಳಿಸುತ್ತಿದ್ದ. ಅಷ್ಟಾದರೆ ಊರಿನ ಅರ್ಧ ಗಂಡಸರ ಕಥೆ ಅದೇ ಎಂದು ಬಿಡಬಹುದಿತ್ತು. ಆದರೆ ಅವರಿಗೆ ಚಂದ್ರಕಲಾ ಎಂಬ ಮಗಳಿದ್ದಳು. ಶಾಲೆಗೆ ಹೋಗುವ ಹುಡುಗಿಗೆ ಜ್ವರ ನೆತ್ತಿಗೇರಿ, ಕಲಬುರಗಿಯ ದೊಡ್ಡ ದವಾಖಾನೆಗೇ ಒಯ್ಯಬೇಕೆಂದು ಡಾಕ್ಟರು ಹೇಳಿದರು. ಮೋನಮ್ಮ ತವರಿನವರು ಹಾಕಿದ್ದ ಬೆಂಡೋಲೆ ಬಿಚ್ಚಿ ಗಂಡನ ಕೈಗಿಟ್ಟಳು. ಒತ್ತೆಯಿಟ್ಟು ಗಾಡಿ ತಗೊಂಡು ಬಾ ಎಂದಳು. ದ್ಯಾವಪ್ಪ ಹೋದ. ಗಾಡಿ ಬರಲಿಲ್ಲ, ಅವನೂ ಬರಲಿಲ್ಲ. ಅವನು ರಂಗಂಪೇಟೆಯ ಗೆಳೆಯರ ಜೊತೆ ಓಲೆಯ ದುಡ್ಡಿನಲ್ಲಿ ಕುಡಿದು ಬಿದ್ದುಕೊಂಡಿದ್ದ ಸುದ್ದಿ ಸಿಕ್ಕಾಗ ಚಂದ್ರಕಲಾಳನ್ನು ಮಣ್ಣು ಮಾಡಿ ಆಗಿತ್ತು. ಮೋನಮ್ಮ ಮೊದಲು ನೀರು ಹಾಕಿದ ಹೆಣ ಅದೇ.

ಆಮೇಲೆ ಅವಳು ಕೆಲಸದಲ್ಲಿ ತನ್ನನ್ನು ತಾನು ಹೂತುಕೊಂಡಳು. ಕಾಲುವೆ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿದಳು. ಶನಿವಾರ ಕ್ಯಾಥೋಲಿಕ್ ಚರ್ಚಿನ ಕಸ ಹೊಡೆದಳು, ಕ್ರಿಸ್‌ಮಸ್ಸಿಗೆ ಮೆಥೋಡಿಸ್ಟರ ಊಟಕ್ಕೂ ರೊಟ್ಟಿ ಬಡಿದಳು. ‘ಮಾಡಿದ್ದುಣ್ಣೋ ಮಹಾರಾಯ’ ಎಂದು ಅವಳವ್ವ ಹೇಳುತ್ತಿದ್ದಳು. ಬೈಬಲ್ ಓದಲು ಬಾರದ ಮೋನಮ್ಮನಿಗೆ ದೇವರ ಕಾಯಿದೆಯೆಂದರೆ ಅಷ್ಟೇ ಆಗಿತ್ತು. ದ್ಯಾವಪ್ಪ ಮಾಡಿದ್ದನ್ನು ದ್ಯಾವಪ್ಪ ಉಣ್ಣುತ್ತಾನೆ, ತಾನು ಮಾಡಿದ್ದನ್ನು ತಾನು. ಅದೊಂದು ನಂಬಿಕೆಯ ಮೇಲೆ ಅವನಿಗೆ ಅನ್ನ ಹಾಕಿಕೊಂಡು ಬಂದಳು.

ಹೋದ ವರ್ಷ ದ್ಯಾವಪ್ಪನ ಲಿವರ್ ಕೈಕೊಟ್ಟಿತು. ಕಣ್ಣು ಹಳದಿಯಾಗಿ, ಹೊಟ್ಟೆ ಊದಿ ಹಾಸಿಗೆ ಹಿಡಿದ. ಅವನ ಹೇಲುಚ್ಚೆ ಬಳಿದವಳೂ ಮೋನಮ್ಮನೇ. ಅವಳ ತಮ್ಮ ಪ್ರವೀಣಕುಮಾರ ಮೆಥೋಡಿಸ್ಟರ ಕಮಿಟಿಯವನು. ಭಾವನ ಆತ್ಮ ಉಳಿಸಬೇಕೆಂದು ಪಾಸ್ಟರನ್ನೇ ಕರೆದುಕೊಂಡು ಬಂದ. ಪಾಸ್ಟರ್ ಒಳ್ಳೆಯ ಮನುಷ್ಯ. ನಾರುವ ಹಾಸಿಗೆಯ ಪಕ್ಕದಲ್ಲೇ ಕೂತು, ಕೈ ಹಿಡಿದು ಪ್ರಾರ್ಥಿಸಿದರು. ದ್ಯಾವಪ್ಪ ಗಳಗಳ ಅತ್ತ. ನಂಬುತ್ತೇನೆ ಎಂದ.

“ಆತು, ದ್ಯಾವಪ್ಪಣ್ಣ ಪಾರಾದ. ಎಲ್ಲಾ ತೊಳದು ಹೋತು” ಎಂದರು ಪಾಸ್ಟರ್.

ಮೋನಮ್ಮ ಬಾಗಿಲಲ್ಲಿ ನಿಂತಿದ್ದಳು. “ಚಂದ್ರಕಲಾಂದೂ ತೊಳದು ಹೋತೇನ್ರಿ?”

“ಎಲ್ಲಾ ಅಂದ್ರ ಎಲ್ಲಾನೂ, ಅಕ್ಕಾ.”

“ಮತ್ತ ನಾ ಇಷ್ಟು ವರ್ಷ ಮಾಡಿದ್ದು?”

“ನಾವು ಮಾಡಿದ್ದರಿಂದ ಯಾರೂ ಉಳಿಯಂಗಿಲ್ಲಕ್ಕಾ. ಕೃಪಾ ಅನ್ನೂದು ಪುಕ್ಕಟ. ಒಳ್ಳೆ ಕೆಲಸ ಅದರ ಫಲ, ಅದಕ್ಕ ಕೊಡೋ ಬೆಲಿ ಅಲ್ಲ.”

ಮೋನಮ್ಮ ಗಂಡನ ಬಟ್ಟೆ ಒಗೆಯಲು ಹೋದಳು. ಕೊಳೆ ಬಿಟ್ಟ ಮೇಲೂ ಕಲ್ಲಿಗೆ ಬಡಿಯುತ್ತಲೇ ಇದ್ದಳು.

ಮರುದಿನ ಬೆಳಿಗ್ಗೆ ದ್ಯಾವಪ್ಪ ಸತ್ತ. ಸುದ್ದಿ ಕೇಳಿ ಫಾದರ್ ಬಂದರು. ಪಾಸ್ಟರ್ ಬಂದು ಹೋದದ್ದು ಕೇಳಿ ಮುಖ ಸಣ್ಣದು ಮಾಡಿಕೊಂಡರು. ಅಷ್ಟರಲ್ಲಿ ಪಾಸ್ಟರೂ ಬಂದರು. ಅಂಗಳದಲ್ಲಿ ಹೆಣ, ಹೆಣದ ಆಚೆಗೊಬ್ಬರು ಈಚೆಗೊಬ್ಬರು.

“ನಮ್ಮಲ್ಲಿ ದೀಕ್ಷಾಸ್ನಾನ ಆದವ. ಪಾಪನಿವೇದನಿ ಇಲ್ಲದ, ಸಾಯೂ ಹೊತ್ತಿನ ಪವಿತ್ರ ಎಣ್ಣಿ ಹಚ್ಚಿಸಿಕೊಳ್ಳದ ಹೋಗ್ಯಾನ. ಹಿಂಗ ಕೈ ಬಿಡಲಿಕ್ಕೆ ಆಗ್ತದೇನು?” ಎಂದರು ಫಾದರ್.

“ನಂಬಿದವಗ ಮತ್ತ್ಯಾತರ ಎಣ್ಣಿ ಬೇಕ್ರಿ? ನಿನ್ನೇನೇ ಮುಗದದ” ಎಂದರು ಪಾಸ್ಟರ್.

“ಕೃಪಾನೇ ಮೊದಲು ಅಂತ ನಾವೂ ಅಂತೀವ್ರಿ. ಆದರ ಮಾಫಿ ಸಿಕ್ಕರೂ ಪಾಪದ ಹೊಲಸು ಹೋಗಬೇಕಲ್ಲ? ಆತ್ಮ ಶುದ್ಧಾಗೂದು ಇರ್ತದ.” ಫಾದರ್ ಮೋನಮ್ಮನ ಕಡೆ ತಿರುಗಿ ಮೆತ್ತಗೆ ಹೇಳಿದರು: “ನೀ ಹೆದರಬ್ಯಾಡವ್ವಾ. ನೀ ಅವನ ಸಲುವಾಗಿ ಜಪಸರ ಮಾಡು, ಉಪವಾಸ ಹಿಡಿ, ಪೂಜಿ ಮಾಡಸು. ನಿನ್ನ ಪುಣ್ಯದ ಕೆಲಸ ಅವನಿಗೆ ಮುಟ್ತದ.”

ಅವರೂ ಸಮಾಧಾನಕ್ಕೇ ಹೇಳಿದ್ದು. ಆದರೆ ಮೋನಮ್ಮ ನಕ್ಕುಬಿಟ್ಟಳು. ಹೆಣದ ಮುಂದೆ ಹೆಂಡತಿ ನಕ್ಕದ್ದು ನೋಡಿ ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಗದೆ ಏನು ಮಾಡಿಯಾಳು? ಒಬ್ಬರ ಪ್ರಕಾರ ಅವಳು ದುಡಿದದ್ದು ಲೆಕ್ಕಕ್ಕಿಲ್ಲ, ಅವನು ಪಾರು. ಇನ್ನೊಬ್ಬರ ಪ್ರಕಾರ ದುಡಿದದ್ದು ಲೆಕ್ಕಕ್ಕಿದೆ, ಆದರೆ ಅವನ ಲೆಕ್ಕಕ್ಕೆ! ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಕೊನೆಗೆ ಹಿರಿಯರು ನಡುವೆ ಬಂದರು. ಗೋರಿ ಕ್ಯಾಥೋಲಿಕ್ ಜಾಗದಲ್ಲಿ, ಮಂತ್ರ ಫಾದರದು, ಹಾಡೊಂದು ಪಾಸ್ಟರದು ಎಂದು ಗೊತ್ತಾಯಿತು. ಹೆಣ ಎತ್ತಲು ನಾಲ್ವರು ಬಗ್ಗಿದರು.

ಆಗ ಪಕ್ಕದ ಮನೆಯ ಹಜರಾಬೀ ಮೋನಮ್ಮನ ಭುಜ ಹಿಡಿದಳು. ಚಂದ್ರಕಲಾಳ ಜ್ವರದಲ್ಲಿ ಹಣೆಗೆ ತಣ್ಣೀರ ಬಟ್ಟೆ ಹಾಕುತ್ತ ಕೂತವಳು ಅವಳು.

“ನಮ್ಮಾಗ ಮಯ್ಯತ್ ಎತ್ತೂದಕಿಂತ ಮೊದಲ ಹೆಂಡ್ತಿನ ಕೇಳ್ತಾರವ್ವಾ, ಲಗ್ನದಾಗ ಗಂಡ ಕೊಡ್ತೀನಂದ ಮಹರ್ ಬಾಕಿ ಮಾಫ್ ಮಾಡಿದಿ ಏನು ಅಂತ. ನಿನ್ನ ಯಾರರ ಕೇಳ್ಯಾರೇನು?”

ಗುಟ್ಟಾಗಿಯೇ ಕೇಳಿದ್ದಳು. ಮೋನಮ್ಮ ಗಟ್ಟಿಯಾಗಿ ಉತ್ತರ ಕೊಟ್ಟಳು.

“ಯಾರೂ ಕೇಳಿಲ್ಲಕ್ಕಾ. ನಾ ಮಾಫ್ ಮಾಡಿಲ್ಲ.”

ಎತ್ತಲು ಬಗ್ಗಿದವರು ಹಾಗೇ ನಿಂತರು. ಬೆಳಗಿನಿಂದ ಒಂದು ಮಾತಿಗೂ ಕೂಡದ ಫಾದರೂ ಪಾಸ್ಟರೂ ಈ ಮಾತಿಗೆ ಮಾತ್ರ ಥಟ್ಟನೆ ಕೂಡಿದರು. ಹಂಗನಬಾರದವ್ವಾ, ಕ್ಷಮಿಸಬೇಕು ಎಂದರು ಒಬ್ಬರು. ಹೌದಕ್ಕಾ, ಕ್ಷಮಿಸಲೇಬೇಕು ಎಂದರು ಮತ್ತೊಬ್ಬರು.

“ಯಾಕ್ರಿ? ನಿನ್ನೇನೇ ಎಲ್ಲಾ ತೊಳದದ ಅಂದ್ರಿ, ಪುಕ್ಕಟ ಅಂದ್ರಿ. ಪುಕ್ಕಟ ಆಗಿದ್ದಕ್ಕ ನನ್ನ ಕಡೆ ಏನ ಕೇಳ್ತೀರಿ?” ಮೋನಮ್ಮ ಪಾಸ್ಟರನ್ನು ಬಿಟ್ಟು ಇತ್ತ ತಿರುಗಿದಳು. “ಫಾದರ್, ನಾ ಮಾಡಿದ ಪುಣ್ಯ ಏನರ ಇದ್ರ ಅದು ನನ್ನ ಮಗಳಿಗೆ. ಈ ಮನುಷ್ಯಾಗ ಒಂದು ಕಾಳೂ ಕೊಡಂಗಿಲ್ಲ. ಮಾಫಿ ಬೇಕಂದ್ರ ಚಂದ್ರಕಲಾನ ಕೇಳ್ರಿ. ಆಕಿದು ಅದು, ನಂದಲ್ಲ.”

ಪ್ರವೀಣಕುಮಾರ ತಲೆ ತಗ್ಗಿಸಿ, ಎತ್ತಿರಿ ಎಂದ. ಹೆಣ ಹೋಯಿತು. ಮೋನಮ್ಮ ಮಣ್ಣಿಗೆ ಹೋಗಲಿಲ್ಲ. ಹಜರಾಬೀ ನೀರು ತಂದುಕೊಟ್ಟಳು, ಮೋನಮ್ಮ ಅಂಗಳ ತೊಳೆದಳು.

ಈಗಲೂ ಹೆಂಗಸು ಸತ್ತರೆ ಅವಳನ್ನೇ ಕರೆಯುತ್ತಾರೆ, ಬೇರೆ ಗತಿಯಿಲ್ಲ. ಗಂಡಸು ಸತ್ತ ಮನೆಗೆ ಮಾತ್ರ ಅವಳು ಕರೆಯದೆಯೇ ಹೋಗುತ್ತಾಳೆ, ಎರಡೂ ಚರ್ಚಿನವರಿಗೆ ಅದು ಸೇರುವುದಿಲ್ಲ. ಪ್ರಾರ್ಥನೆಯೆಲ್ಲ ಮುಗಿದು ಹೆಣ ಎತ್ತುವ ಹೊತ್ತಿಗೆ ಹೆಂಡತಿಯ ಪಕ್ಕ ಕೂತು, “ಮಾಫ್ ಮಾಡಿದಿ ಏನವ್ವಾ?” ಎಂದು ಕೇಳುತ್ತಾಳೆ. ಮಾಡಿದೆ ಎಂದವರ ತಲೆ ಸವರಿ ಎದ್ದು ಹೋಗುತ್ತಾಳೆ. ಇಲ್ಲ ಎಂದವರ ಜೊತೆ, ಎಲ್ಲರೂ ಮಣ್ಣಿಗೆ ಹೋದ ಮೇಲೆ, ಅಂಗಳ ತೊಳೆಯುತ್ತಾಳೆ.