ಮೆಣಸೆಯ ಟ್ರ್ಯಾಕ್ಟರ್‌ಗೆ ಬಿಡದ ಜ್ವರ

ಮೆಣಸೆ ಊರಿನ ಆ ಪುಟ್ಟ ಟ್ರ್ಯಾಕ್ಟರ್ ಮೆಕ್ಯಾನಿಕ್ ಆದ ನನ್ನ ಜೀವ ತಿಂದಿತ್ತು. ಗೇರಿನ ಬದಲು ಆಯಿಲ್ ಒತ್ತಡದಲ್ಲಿ ಓಡುವ ಗಾಡಿ. ಸ್ವಲ್ಪ ಹೊತ್ತು ಕಳೆ ಹೊಡೆದರೆ ಆಯಿಲ್ ಕಾದು ನಿಂತುಬಿಡುತ್ತಿತ್ತು. ಆಯಿಲ್ ಬದಲಿಸಿದ್ದೆ, ಫಿಲ್ಟರ್ ಬದಲಿಸಿದ್ದೆ. ಇನ್ನು ಪಂಪೇ ಹೋಗಿದೆ ಎನ್ನಲು ಬಾಯಿ ಬರದೆ, "ಒಮ್ಮೆ ನೀವೇ ಕಳೆ ಹೊಡೀರಿ, ನೋಡ್ತೀನಿ" ಎಂದೆ ಮಾಲೀಕರಿಗೆ.

ಅವರು ಹತ್ತುವ ಮೊದಲು ಒಂದು ಅಡಿಕೆ ಹಾಳೆ ತಂದು ಆಯಿಲ್ ತಣಿಸುವ ಕೂಲರ್‌ ಮುಂದೆ ಬಿಗಿಯಾಗಿ ಕಟ್ಟಿದರು.

"ಇದೆಂತಕ್ಕೆ?"

"ಕಸ ಹೋಗ್ಬಾರ್ದಲ್ಲ ಮಾರಾಯ್ರೆ. ನೀವು ಬರುವಾಗ ಗಾಡಿ ನೀಟಾಗಿರ್ಲಿ ಅಂತ ಬಿಚ್ಚಿಡ್ತಿದ್ದೆ."

"ಮತ್ತೆ ಗಾಳಿ ಎಲ್ಲಿಂದ ಹೋಗ್ಬೇಕು?" ಎಂದು ಹಾಳೆ ಕಿತ್ತೆಸೆದೆ. ಗಾಡಿ ತಣ್ಣಗೆ ಓಡಿತು.

ಶೃಂಗೇರಿ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅವರದೇ ಫೋನ್. "ಈಗ ಬಿಸಿಯೇ ಆಗ್ತಿಲ್ಲ ಮಾರಾಯ್ರೆ. ಇನ್ನು ಹಾಳೆ ಕಟ್ಬಹುದಲ್ಲ?"

ನನ್ನೂರು ಕೊಪ್ಪದ ಬಸ್ಸು ಹೊರಟಿತು. ನಾನು ಹತ್ತಲಿಲ್ಲ. ನಾಳೆ ಹೇಗೂ ಇಲ್ಲಿಗೇ ಬರಬೇಕಿತ್ತು.